ಬಾವಿಯಿಂದ ಅಳೆದದ್ದು

ನಮ್ಮೂರಿನಲ್ಲಿ ಮನೆಗಳು ಸರಿಯುತ್ತವೆ. ರಾತ್ರಿ ಮಲಗುವಾಗ ಇದ್ದ ಜಾಗದಲ್ಲೇ ಬೆಳಿಗ್ಗೆಯೂ ಇರುತ್ತವೆಂದು ಯಾರೂ ನೆಚ್ಚಿ ಕೂರುವುದಿಲ್ಲ. ಅದಕ್ಕೇ ನಮ್ಮ ನಲ್ಲಿಗಳಿಗೆಲ್ಲ ರಬ್ಬರ್ ಪೈಪು, ಅದೂ ಬೇಕಾದ್ದಕ್ಕಿಂತ ಎರಡು ಮಾರು ಹೆಚ್ಚಿಗೆ. ಬಟ್ಟೆ ಒಣಹಾಕುವ ಹಗ್ಗವನ್ನು ಪಕ್ಕದ ಮನೆಯ ಗೋಡೆಗೆ ಕಟ್ಟುವುದಿಲ್ಲ. ಹೊಸಲಿನ ಮುಂದಿನ ಮೆಟ್ಟಿಲಿಗೆ ಗಾರೆ ಹಾಕುವುದಿಲ್ಲ, ಬರೀ ಕಲ್ಲಿಟ್ಟಿರುತ್ತೇವೆ. ಇಬ್ಬರು ಓರಗಿತ್ತಿಯರು ಮಾತು ಬಿಟ್ಟರೆ ವಾರದೊಳಗೆ ಇಬ್ಬರ ಮನೆಯ ನಡುವೆ ಎಮ್ಮೆ ಕಟ್ಟುವಷ್ಟು ಜಾಗ ಬಿದ್ದಿರುತ್ತದೆ. ಮತ್ತೆ ಒಂದಾದರೆ ಗೋಡೆಗೆ ಗೋಡೆ ತಾಗಿ ಸುಣ್ಣ ಉದುರುತ್ತದೆ. ಮನುಷ್ಯ ಸುಳ್ಳಾಡಿದರೂ ಮನೆ ಸುಳ್ಳಾಡದು ಎಂದು ನಮ್ಮಲ್ಲಿ ಗಾದೆಯೇ ಇದೆ. ಆ ಗಾದೆ ಕಟ್ಟಿದವನು ಸಿಕ್ಕಿದರೆ ನಾನು ಎರಡು ಮಾತು ಕೇಳಬೇಕಾಗಿದೆ.

ನನ್ನ ಹೆಸರು ಸುಭದ್ರ. ಬಾವಿ ಓಣಿಯ ಅಳತೆಯವಳು. ಹಳೇ ಬಾವಿಯೊಂದರ ಸುತ್ತ ಹನ್ನೆರಡು ಮನೆ. ನಲ್ಲಿ ಬಂದ ಮೇಲೆ ಬಾವಿಗೆ ಕಬ್ಬಿಣದ ಜಾಲರಿ ಹಾಕಿದ್ದೇವೆ. ದಿನಾ ಬೆಳಿಗ್ಗೆ ಗಂಟು ಹಾಕಿದ ಹಗ್ಗ ಹಿಡಿದು ಒಂದು ಹೊಸಲಿನಿಂದ ಪಕ್ಕದ ಹೊಸಲಿಗೆ ಎಷ್ಟು ಮಾರು, ಎಷ್ಟು ಗೇಣು ಎಂದು ಅಳೆದು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ನನಗಿಂತ ಮುಂಚೆ ನಮ್ಮತ್ತೆ ಅಳೆಯುತ್ತಿದ್ದರು. ಕಟ್ಟಳೆ ಒಂದೇ: ಮೂರು ವಾರ ಬಿಡದೆ ದೂರ ಸರಿದು, ಕೊನೆಗೆ ಎರಡೂ ಪಕ್ಕದ ಮನೆಗಳಿಂದ ಆರು ಮಾರು ದಾಟಿದ ಮನೆ ಓಣಿಯ ಮನೆಯಲ್ಲ. ಅದಕ್ಕೆ ನಲ್ಲಿಯ ಪೈಪು ಕೀಳುತ್ತಾರೆ. ಹುಟ್ಟಿದ್ದು ಸತ್ತದ್ದು ತಿಳಿಸುವುದಿಲ್ಲ. ಆ ಮನೆಯವರನ್ನು ಯಾವ ಶುಭಕ್ಕೂ ಕರೆಯುವುದಿಲ್ಲ. ನಮ್ಮತ್ತೆ ಇಡೀ ಜೀವಮಾನದಲ್ಲಿ ಒಂದೇ ಒಂದು ಮನೆಯನ್ನು ಹಾಗೆ ಬರೆದಿದ್ದರು, ಹೆಂಡತಿಯ ಕೈ ಮುರಿದವನೊಬ್ಬನದು. ಅವನಿಗೆ ತಕ್ಕುದೇ ಆಯಿತು.

ನಮ್ಮ ಪಕ್ಕದ ಮನೆ ದೇವೀರಮ್ಮನದು. ಎಳೆಗೂಸುಗಳಿಗೆ ನೀರು ಹಾಕುವವಳು ಅವಳೇ. ಹೆರಿಗೆ ಎಲ್ಲೇ ಆಗಲಿ, ಮಗು ಹುಟ್ಟಿದ ಮೂರನೆಯ ದಿನದಿಂದ ಅವಳ ಕಾಲಿನ ಮೇಲೆ ಮಲಗಬೇಕು. ಎಣ್ಣೆ ತಿಕ್ಕಿ, ಕೈಕಾಲು ನೀವಿ, ಮೂಗು ತಿದ್ದಿ, ಹದವಾದ ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ಹಿಡಿದು ಮಲಗಿಸಿದಳೆಂದರೆ ಕೂಸು ಮಧ್ಯಾಹ್ನದವರೆಗೆ ಮಿಸುಕುವುದಿಲ್ಲ. ನಲ್ಲಿ ನೀರು ಎಳೆ ಚರ್ಮಕ್ಕೆ ಒಗ್ಗದೆಂಬುದು ಅವಳ ಹಟ. ಅದಕ್ಕಾಗಿ ಜಾಲರಿಯ ಮೂಲೆ ಎತ್ತಿ, ಬಾವಿಯಿಂದಲೇ ಸೇದಿ, ಬಾಣಂತಿಯ ಮನೆಗೆ ಹೊತ್ತು ಹಾಕುತ್ತಿದ್ದಳು. ಈ ಓಣಿಯಲ್ಲಿ ನಲವತ್ತು ವರ್ಷದಿಂದೀಚೆಗೆ ಹುಟ್ಟಿದ ಒಂದು ಮೂಗೂ ಅವಳ ಕೈತಪ್ಪಿಸಿಕೊಂಡಿಲ್ಲ. ಓಣಿಯ ಯಜಮಾನ ಚಿಕ್ಕವೀರಪ್ಪನ ಮೊಮ್ಮಗನ ಮೂಗು ಅಷ್ಟು ನೇರವಾಗಿದೆಯಲ್ಲ, ಅದು ಅವರ ವಂಶದ್ದಲ್ಲ, ದೇವೀರಮ್ಮನ ಹೆಬ್ಬೆರಳಿನದು.

ಅವಳಿಗೆ ಐವತ್ತೆಂಟಾಗಿತ್ತು. ಮುಟ್ಟು ನಿಂತು ಎಂಟು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತು. ಯಾರಿಗೂ ಹೇಳದೆ ನಾಲ್ಕು ತಿಂಗಳು ಬಟ್ಟೆ ಕಟ್ಟಿಕೊಂಡೇ ಓಡಾಡಿದಳು. ಕೊನೆಗೆ ನನಗೆ ಹೇಳಿದಳು. ದೊಡ್ಡೂರಿನ ಆಸ್ಪತ್ರೆಗೆ ಬಸ್ಸಿನಲ್ಲಿ ಐದು ಗಂಟೆಯ ದಾರಿ. ಕರೆದುಕೊಂಡು ಹೋದವಳು ನಾನೇ. ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಎಂದರು. ಬೇಗ ಬಂದಿದ್ದರೆ ಚೆನ್ನಾಗಿತ್ತು, ಆದರೂ ಕೈಮೀರಿಲ್ಲ ಎಂದರು. ಮೊದಲು ಐದು ವಾರ ಹೊರಗಿನಿಂದ ಕರೆಂಟು. ಆಮೇಲೆ ವಾರಕ್ಕೊಂದರಂತೆ ನಾಲ್ಕು ಸಲ ಒಳಗಿನ ಕರೆಂಟು. ರೇಡಿಯೇಷನ್ ಎಂಬ ಮಾತು ನಮ್ಮ ನಾಲಿಗೆಗೆ ಹೊರಳದು, ನಾವೆಲ್ಲ ಕರೆಂಟು ಎಂದೇ ಹೇಳುವುದು.

ಒಳಗಿನ ಕರೆಂಟಿನ ಮೊದಲ ದಿನ ಅವಳಿಗಿಂತ ನನಗೇ ಹೆಚ್ಚು ಹೆದರಿಕೆ. ರೋಸ್ಲಿನ್ ಎಂಬ ನರ್ಸು ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದಳು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಗರ್ಭಕೋಶದೊಳಕ್ಕೆ ಸಣ್ಣ ಕೊಳವೆಗಳನ್ನು ಇಡುತ್ತಾರೆ. ಆ ಕೊಳವೆಗಳಿಗೆ ಯಂತ್ರ ಜೋಡಿಸಿ ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕುತ್ತಾರೆ. ಯಂತ್ರದಿಂದ ತಂತಿಯ ತುದಿಯಲ್ಲಿ ಅಕ್ಕಿಯಷ್ಟು ಸಣ್ಣದೊಂದು ಕರೆಂಟಿನ ಕಾಳು ಒಳಗೆ ಹೋಗುತ್ತದೆ, ಹತ್ತು ಹನ್ನೆರಡು ನಿಮಿಷ ಗಡ್ಡೆಯ ಮಗ್ಗುಲಲ್ಲೇ ನಿಂತು ಅದನ್ನು ಸುಡುತ್ತದೆ, ಮತ್ತೆ ಯಂತ್ರಕ್ಕೇ ಹಿಂತಿರುಗುತ್ತದೆ. ಹೊರಗಿನಿಂದ ಕ್ಯಾಮೆರಾದಲ್ಲಿ ನೋಡುತ್ತಿರುತ್ತೇವೆ, ಮೈಕಿನಲ್ಲಿ ಮಾತಾಡಿಸುತ್ತೇವೆ, ಬೇಕೆಂದರೆ ಯಾವಾಗಲಾದರೂ ನಿಲ್ಲಿಸುತ್ತೇವೆ ಎಂದಳು. ಆಮೇಲೆ ಕೆಲವು ದಿನ ಉರಿಮೂತ್ರ, ಭೇದಿ, ಸುಸ್ತು ಇರುತ್ತದೆ, ಸ್ವಲ್ಪ ರಕ್ತ ಕಂಡರೆ ಗಾಬರಿಯಾಗಬೇಡಿ, ಹೆಚ್ಚಾದರೆ ಬನ್ನಿ, ನೀರು ಚೆನ್ನಾಗಿ ಕುಡಿಯಿರಿ ಎಂದಳು.

ಬಾಗಿಲು ಹಾಕಿದರು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ದೇವೀರಮ್ಮ ಆ ಹನ್ನೆರಡು ನಿಮಿಷವೂ ತಾನು ನೀರು ಹಾಕಿದ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಂಡಳಂತೆ. ಸುಸ್ತಾಯಿತೇ ಎಂದು ರೋಸ್ಲಿನ್ ಮೈಕಿನಲ್ಲಿ ಕೇಳಿದರೆ, ತಡಿಯಮ್ಮ, ತೊಂಬತ್ತಕ್ಕೆ ಬಂದಿದ್ದೀನಿ ಎಂದಳಂತೆ. ಎಲ್ಲ ಮುಗಿದ ಮೇಲೆ ಕೈಯಲ್ಲಿ ಹಿಡಿಯುವ ಮೀಟರೊಂದನ್ನು ತಂದು ಕೋಣೆಗೂ ಅವಳ ಮೈಗೂ ಹಿಡಿದು ನೋಡಿದರು. ಅಳತೆಯೆಂದರೆ ನನಗೆ ಕಣ್ಣು ಅತ್ತಲೇ ಹೋಗುತ್ತದೆ. ಅದು ಏನೆಂದು ಕೇಳಿದೆ. ರೋಸ್ಲಿನ್ ಮೀಟರನ್ನು ನನ್ನ ಕಡೆಗೂ ತಿರುಗಿಸಿದಳು. ನನ್ನ ಮೇಲೆ ಮುಳ್ಳು ಎಲ್ಲಿ ನಿಂತಿತೋ ದೇವೀರಮ್ಮನ ಮೇಲೂ ಅಲ್ಲೇ ನಿಂತಿತ್ತು. "ನೋಡಿದ್ರಲ್ಲ, ನಿಮ್ಮಲ್ಲಿ ಎಷ್ಟಿದೆಯೋ ಅವರಲ್ಲೂ ಅಷ್ಟೇ. ಕಾಳು ಹೋಯ್ತು, ಕರೆಂಟೂ ಹೋಯ್ತು," ಎಂದಳು. ನಾನು ಕಣ್ಣಾರೆ ಕಂಡೆ. ಈ ಮಾತನ್ನು ಇಲ್ಲೇ ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ನಡೆದದ್ದಕ್ಕೆ ನನಗೆ ಗೊತ್ತಿರಲಿಲ್ಲ ಎಂಬ ನೆಪವಿಲ್ಲ.

ನಾಲ್ಕೂ ಸಲ ಮುಗಿಸಿ ಬರುವಾಗ ಆಸ್ಪತ್ರೆಯವರು ಒಂದು ಹಾಳೆ ಕೊಟ್ಟರು. ಮುಂದಿನ ಮಗ್ಗುಲಲ್ಲಿ ಚಿಕಿತ್ಸೆ ನಡೆಯುವಾಗಿನ ವಿಷಯ: ಕಾಳು ಒಳಗಿರುವಷ್ಟು ಹೊತ್ತು ಕೋಣೆಯಲ್ಲಿ ಯಾರೂ ಇರಬಾರದು, ಬಸುರಿಯರೂ ಮಕ್ಕಳೂ ಹತ್ತಿರ ಸುಳಿಯಬಾರದು. ಹಿಂದಿನ ಮಗ್ಗುಲಲ್ಲಿ ಆಮೇಲಿನದು: ಕಾಳು ಹೊರಗೆ ಬಂದ ಮೇಲೆ ಮೈಯಲ್ಲಿ ಏನೂ ಉಳಿಯುವುದಿಲ್ಲ, ಮಕ್ಕಳನ್ನು ಎತ್ತಿಕೊಳ್ಳಬಹುದು, ಒಂದೇ ತಟ್ಟೆಯಲ್ಲಿ ಉಣ್ಣಬಹುದು, ಯಾರಿಂದಲೂ ದೂರವಿರಬೇಕಾಗಿಲ್ಲ. ದೇವೀರಮ್ಮ ಆ ಹಾಳೆಯನ್ನು ತಾನಾಗಿಯೇ ಚಿಕ್ಕವೀರಪ್ಪನಿಗೆ ಕೊಟ್ಟಳು. ನಾಲ್ಕು ಜನಕ್ಕೆ ತಿಳಿಯಲಿ, ಬೇರೆ ಯಾವ ಹೆಂಗಸೂ ನನ್ನ ಹಾಗೆ ನಾಲ್ಕು ತಿಂಗಳು ಬಚ್ಚಿಟ್ಟುಕೊಳ್ಳುವುದು ಬೇಡ ಎಂಬುದು ಅವಳ ಆಸೆ.

ಚಿಕ್ಕವೀರಪ್ಪ ಅದನ್ನು ಓಣಿಯ ಫಲಕದಲ್ಲಿ ಬರೆಸಬೇಕೆಂದ. ಅಕ್ಷರ ದುಂಡಗಿದೆಯೆಂದು ಆ ಕೆಲಸ ನನ್ನ ಕೊರಳಿಗೇ ಬಿತ್ತು. ನಾನು ಮುಂದಿನ ಮಗ್ಗುಲನ್ನು ಬರೆದು ಮುಗಿಸುವಷ್ಟರಲ್ಲಿ ಫಲಕ ತುಂಬಿಹೋಯಿತು. ಹಿಂದೆಯೂ ಇದೆಯಲ್ಲ ಎಂದೆ. ಚಿಕ್ಕವೀರಪ್ಪ ಕನ್ನಡಕದ ಮೇಲಿಂದ ನೋಡಿ, "ಫಲಕಕ್ಕೆ ಇರೋದು ಒಂದೇ ಮಗ್ಗುಲು, ಸುಭದ್ರಮ್ಮ," ಎಂದ. ಹಾಳೆ ಮಡಚಿ ಕಡತದೊಳಗಿಟ್ಟ. ನಾನು ಕುಂಚ ತೊಳೆದು ಮನೆಗೆ ಬಂದೆ. ಇಂಥ ಮಾತಿಗೆ ಎದುರಾಡದೆ ಮನೆಗೆ ಬಂದವಳನ್ನು ಏನೆನ್ನಬೇಕೋ ನೀವೇ ಹೇಳಿ.

ಮಾರನೆಯ ಬೆಳಿಗ್ಗೆ ದೇವೀರಮ್ಮನ ಹೊಸಲಿಂದ ಅವಳ ಇನ್ನೊಂದು ಪಕ್ಕದ ಚಿಕ್ಕವೀರಪ್ಪನ ಹೊಸಲಿಗೆ ಎರಡು ಮಾರು ಹೆಚ್ಚಾಗಿತ್ತು. ಅದರ ಮರುದಿನ ಮತ್ತೊಂದು. ಓಣಿಯ ಬಾಯಿಗಳು ಸುಮ್ಮನಿದ್ದವೇ? ಅವಳು ಒಣಹಾಕಿದ ಸೀರೆಯ ಕೆಳಗೆ ಬೆಕ್ಕು ಕೂಡ ಮಲಗುತ್ತಿಲ್ಲವೆಂದು ಒಬ್ಬಳು ಹೇಳಿದಳು. ಅವಳ ಮನೆಯ ಬಲ್ಬು ಸ್ವಿಚ್ಚು ಹಾಕದೆ ಉರಿಯುತ್ತದೆಂದು ಇನ್ನೊಬ್ಬಳು. ಹೋದ ವರ್ಷ ತಾನೇ ಇವರ ಮಕ್ಕಳ ಹೇಲು ಬಳಿದ ಕೈ ಅದು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬುದನ್ನು ನಮ್ಮೋಣಿಯವರನ್ನು ನೋಡಿಯೇ ಹೇಳಿರಬೇಕು. ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಅವರ ಕನಿಕರ ಕೇಳಿ. ಪಾಪ, ಅವಳ ಮನೆಗೇ ಬುದ್ಧಿ ಇದೆ, ತಾನಾಗಿಯೇ ಹಿಂದೆ ಸರಿಯುತ್ತಿದೆ, ನಮಗೆ ತೊಂದರೆಯಾಗಬಾರದೆಂದು ಎನ್ನುತ್ತಿದ್ದರು. ಹನ್ನೊಂದು ಮನೆಗೂ ಒಂದು ಮನೆ ದೂರವೆಂದರೆ ಸರಿದದ್ದು ಆ ಒಂದೇ ಅಲ್ಲವೇ ಎಂಬುದು ಅವರ ಲೆಕ್ಕ. ನಾನೂ ಪುಸ್ತಕದಲ್ಲಿ ಹಾಗೇ ಬರೆದೆ: ದೇವೀರಮ್ಮನ ಮನೆ, ಮೂರು ಮಾರು, ದೇವೀರಮ್ಮನ ಮನೆ, ಐದು ಮಾರು.

ಆಗ ನನ್ನ ಮಗಳು ಇಂದುಮತಿ ಬಾಣಂತನಕ್ಕೆ ಬಂದಿದ್ದಳು. ದಿನ ತುಂಬಿತ್ತು. ಮಗುವಿಗೆ ನೀರು ಹಾಕುವವರು ದೇವೀರತ್ತೆ ತಾನೇ ಎಂದು ಒಂದು ಬೆಳಿಗ್ಗೆ ಕೇಳಿದಳು. ಆಗಲಿ ನೋಡೋಣ, ಅವಳಿಗೂ ಇನ್ನೂ ಸುಸ್ತಿದೆ ಎಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಉತ್ತರ. ಮೀಟರಿನ ಮುಳ್ಳು ಎಲ್ಲಿ ನಿಂತಿತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಒಳಗೊಂದು ಕಡೆ, ಎಳೆಗೂಸು, ಯಾಕೆ ಬೇಕು ಎನ್ನಿಸಿತ್ತು. ಅದನ್ನು ಯಾರಿಗೂ ಹೇಳಲಿಲ್ಲ, ನನಗೂ ಹೇಳಿಕೊಳ್ಳಲಿಲ್ಲ.

ಮೂರನೆಯ ವಾರದ ಕೊನೆಯ ಅಳತೆಗೆ ಹೋದಾಗ ದೇವೀರಮ್ಮ ಹೊಸಲ ಮೇಲೆ ಕೂತು ಚೊಂಬಿನಿಂದ ನೀರು ಕುಡಿಯುತ್ತಿದ್ದಳು. ಮುಖ ಇಳಿದಿತ್ತು, ಆದರೆ ಕಣ್ಣು ಹಳೆಯದೇ. ನಾನು ಹಗ್ಗ ಹಿಡಿದೆ. ಒಂದು ಪಕ್ಕಕ್ಕೆ ಆರು ಮಾರು ಒಂದು ಗೇಣು. ನನ್ನ ಮನೆಯ ಪಕ್ಕಕ್ಕೆ ಏಳು. ಇವತ್ತು ಸಂಜೆ ಬಾವಿ ಕಟ್ಟೆಯ ಹತ್ತಿರ ಸಭೆ, ಇದನ್ನು ಓದಬೇಕು ಎಂದೆ. ಅವಳು ಚೊಂಬು ಕೆಳಗಿಟ್ಟಳು.

"ಮನೆಯಿಂದ ಮನೆಗೆ ಅಳೀತೀಯ. ಎರಡೂ ಓಡಾಡೋವೇ. ಓಡಾಡದೇ ಇರೋದ್ರಿಂದ ಅಳಿ, ನೋಡೋಣ."

ನಾನು ಸುತ್ತ ನೋಡಿದೆ. ಓಡಾಡದೇ ಇರುವುದು ಓಣಿಯಲ್ಲಿ ಒಂದೇ ಇತ್ತು, ಬಾವಿ. ಅವಳು ಎದ್ದು, ಕಟ್ಟೆಯವರೆಗೆ ನಿಧಾನವಾಗಿ ನಡೆದಳು, ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಂಡಳು. ಹದಿನೆಂಟು ಹೆಜ್ಜೆ. ತಾನು ಮದುವೆಯಾಗಿ ಬಂದ ದಿನವೂ ಹದಿನೆಂಟು, ಇವತ್ತೂ ಹದಿನೆಂಟು ಎಂದಳು. ಒಂದು ಮನೆಯವರನ್ನು ಹೆಚ್ಚು, ಒಂದು ಮನೆಯವರನ್ನು ಕಡಿಮೆ ಎಂದು ಅವಳು ಕಂಡವಳೇ ಅಲ್ಲ. ಅವಳ ಮನೆ ಯಾವತ್ತೂ ಅಲುಗಿರಲಿಲ್ಲ. ಆಮೇಲೆ ಅವಳು ಕಟ್ಟೆಯ ಮೇಲೆ ಕೂತು ಒಂದೊಂದು ಮನೆಯನ್ನೂ ಬೆರಳು ಮಾಡಿ ತೋರಿಸುತ್ತ ಹೆಜ್ಜೆ ಹೇಳತೊಡಗಿದಳು. ಬಾವಿಯಿಂದ ಬಾಣಂತಿಯರ ಮನೆಗೆ ನೀರು ಹೊತ್ತವಳಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ? ಹೋದ ವರ್ಷ ಚಿಕ್ಕವೀರಪ್ಪನ ಮೊಮ್ಮಗನ ನೀರಿಗೆ ಇಪ್ಪತ್ತು ಹೆಜ್ಜೆ. ಅವರಾಚೆಯ ಅವಳಿ ಮಕ್ಕಳ ಮನೆಗೆ ಇಪ್ಪತ್ತೈದು, ಅಲ್ಲಿಗೆ ಎರಡೆರಡು ಸಲ ಹೊರಬೇಕಿತ್ತು. ನಾನು ಹಗ್ಗ ಬಿಟ್ಟು ಕಾಲಿನಿಂದಲೇ ನಡೆದು ನೋಡಿದೆ. ಚಿಕ್ಕವೀರಪ್ಪನ ಮನೆ ಈಗ ಇಪ್ಪತ್ತೊಂಬತ್ತು. ಅವಳಿಗಳ ಮನೆ ಮೂವತ್ತೆರಡು. ಒಂದೂ ಬಿಡದೆ ಹನ್ನೊಂದು ಮನೆಯೂ ಹಿಂದೆ ಹೋಗಿತ್ತು.

ನನ್ನ ಮನೆಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ಇಂದುಮತಿ ಹುಟ್ಟಿದಾಗ ನಿನ್ನ ಮನೆ ಇಪ್ಪತ್ತೆರಡು, ಮೊನ್ನೆ ಆಸ್ಪತ್ರೆಗೆ ಹೊರಟಾಗಲೂ ಇಪ್ಪತ್ತೆರಡೇ ಎಂದಳು. ನಡೆದೆ. ಇಪ್ಪತ್ತೆರಡಕ್ಕೆ ಬರಿಯ ಮಣ್ಣು ಸಿಕ್ಕಿತು. ನಡೆಯುತ್ತಲೇ ಹೋದೆ. ಮೂವತ್ತನಾಲ್ಕಕ್ಕೆ ಹೊಸಲು ಕಾಲಿಗೆ ತಾಗಿತು. ಹನ್ನೆರಡು ಹೆಜ್ಜೆ. ಇಡೀ ಓಣಿಯಲ್ಲಿ ಎಲ್ಲರಿಗಿಂತ ದೂರ ಓಡಿಹೋದ ಮನೆ, ಅವಳ ಜೊತೆ ಆಸ್ಪತ್ರೆಗೆ ಹೋಗಿದ್ದವಳ ಮನೆ. ತಿರುಗಿ ನೋಡಿದರೆ ದೇವೀರಮ್ಮ ಬಾವಿ ಕಟ್ಟೆಯ ಮೇಲೇ ಕೂತಿದ್ದಳು. ಬಾಗಿಲಲ್ಲಿ ಇಂದುಮತಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಅವಳೂ ಹೆಜ್ಜೆ ಎಣಿಸಿದ್ದಳು.

"ನೀರು ಯಾರು ಹಾಕ್ತಾರೆ ಅಂತ ಕೇಳಿದ್ನಲ್ಲಮ್ಮ," ಎಂದಳು. "ನೀನು ಹೇಳಲಿಲ್ಲ. ಮನೆ ಹೇಳ್ತು."

ಸಂಜೆಯ ಸಭೆಗೆ ಓಣಿಯೆಲ್ಲ ಬಂದಿತ್ತು. ದೇವೀರಮ್ಮ ಮಾತ್ರ ತನ್ನ ಹೊಸಲ ಮೇಲೇ ಇದ್ದಳು. ಚಿಕ್ಕವೀರಪ್ಪ ಅಳತೆ ಓದಲು ಹೇಳಿದ. ನಾನು ಪುಸ್ತಕ ಬಿಚ್ಚಲಿಲ್ಲ. ಮೂರು ವಾರ ಬರೆದದ್ದೆಲ್ಲ ಸುಳ್ಳು ಎಂದೆ. ಬಾವಿಯಿಂದ ಹಿಡಿದು ಒಂದೊಂದು ಮನೆಯ ಹೆಜ್ಜೆಯನ್ನೂ ಹೆಸರು ಹಿಡಿದು ಹೇಳಿದೆ, ಮೊದಲು ನನ್ನದು. ಕಟ್ಟಳೆಯಲ್ಲಿ ಬಾವಿಯ ಮಾತೇ ಇಲ್ಲ, ಮನೆಯಿಂದ ಮನೆಗೆ ಅಳೆಯುವುದೇ ಪದ್ಧತಿ ಎಂದು ಚಿಕ್ಕವೀರಪ್ಪ ಶುರುಮಾಡಿದ. ಪದ್ಧತಿಯ ಪ್ರಕಾರವೇ ಆಗಲಿ, ಯಾವ ಮನೆ ಹಿಂದೆ ಹೋಗಿದೆಯೋ ಅದರ ಪೈಪನ್ನೇ ಕೀಳೋಣ, ಹನ್ನೊಂದನ್ನೂ ಕೀಳೋಣ, ನನ್ನದರಿಂದಲೇ ಶುರುಮಾಡಿ ಎಂದೆ. ಯಾರೂ ಮೇಲೇಳಲಿಲ್ಲ. ಅವಳಿಗಳ ತಾಯಿ ತಲೆ ತಗ್ಗಿಸಿ ಸೆರಗಿನ ತುದಿ ತಿರುವುತ್ತಿದ್ದಳು.

ಆಗ ನಾನು ಆ ಹಾಳೆ ಕೇಳಿದೆ. ಕಡತ ಹುಡುಕಬೇಕು, ನಾಳೆ ನೋಡೋಣ ಎಂದ ಚಿಕ್ಕವೀರಪ್ಪ. ಹಾಳೆ ಬೇಕಾಗಿರಲಿಲ್ಲ, ಹಿಂದಿನ ಮಗ್ಗುಲು ನನಗೆ ಬಾಯಿಪಾಠವಿತ್ತು. ಬಾಯಿಪಾಠವಿದ್ದೂ ಮೂರು ವಾರ ಬಾಯಿ ಬಿಟ್ಟಿರಲಿಲ್ಲ. ಮನೆಯಿಂದ ಬಣ್ಣದ ಡಬ್ಬಿ ತಂದೆ. ಫಲಕದ ಮೊಳೆ ಕಿತ್ತು, ಅದನ್ನು ಹಿಂದುಮುಂದು ತಿರುಗಿಸಿ ಬಾವಿ ಕಟ್ಟೆಗೆ ಒರಗಿಸಿದೆ. ಫಲಕಕ್ಕೂ ಎರಡು ಮಗ್ಗುಲಿತ್ತು ನೋಡಿ. ಕಾಳು ಹೊರಗೆ ಬಂದ ಮೇಲೆ ಮೈಯಲ್ಲಿ ಏನೂ ಉಳಿಯುವುದಿಲ್ಲ ಎಂಬಲ್ಲಿಂದ ಕೊನೆಯವರೆಗೆ ಅವರೆಲ್ಲರ ಎದುರಿಗೇ ಬರೆದೆ. ಅಕ್ಷರ ಅಷ್ಟು ದುಂಡಗೆ ಬರಲಿಲ್ಲ. ನಾನು ಬರೆದು ಮುಗಿಸುವವರೆಗೆ ಒಬ್ಬರೂ ಎದ್ದು ಹೋಗಲಿಲ್ಲ.

ಮೂರು ದಿನ ಕಳೆದು ಇಂದುಮತಿಗೆ ಹೆಣ್ಣುಮಗು ಹುಟ್ಟಿತು. ಮೂರನೆಯ ಬೆಳಿಗ್ಗೆ ನಾನು ದೇವೀರಮ್ಮನ ಹೊಸಲಿಗೆ ಹೋದೆ. ತಪ್ಪಾಯಿತು ಎಂದೆ. ಆ ಮಾತನ್ನು ಅವಳು ಎತ್ತಿಕೊಳ್ಳಲೂ ಇಲ್ಲ, ತಳ್ಳಲೂ ಇಲ್ಲ. ಕೂಸಿನ ತೂಕ ಎಷ್ಟು, ಹಾಲು ಕುಡಿಯುತ್ತಿದೆಯೇ ಎಂದು ಕೇಳಿದಳು. ಆಮೇಲೆ ಹೇಳಿದಳು:

"ನೀರು ಹಾಕ್ತೀನಿ. ಮಗು ಏನು ಮಾಡೀತು? ಆದರೆ ನಿನ್ನ ಮನೆಗೆ ನಾನು ಬರಲ್ಲ. ನೀನೇ ಎತ್ಕೊಂಡು ಬಾ, ದಿನಾ, ಎಲ್ಲರೂ ನೋಡೋ ಹಾಗೆ. ನೀರೂ ನೀನೇ ಸೇದು. ನನಗೆ ಭಾರ ಎತ್ತಬೇಡ ಅಂದಿದ್ದಾರೆ."

ಬಾವಿಯ ಜಾಲರಿ ಎತ್ತಿ ಸೇದಿದೆ, ಅವಳ ಒಲೆಯ ಮೇಲೆ ಕಾಯಿಸಿದೆ. ಆಮೇಲೆ ಮನೆಗೆ ಹೋಗಿ ಮೂರು ದಿನದ ಕೂಸನ್ನು ಹತ್ತಿಬಟ್ಟೆಯಲ್ಲಿ ಸುತ್ತಿಕೊಂಡು ಆ ಬಯಲನ್ನು ದಾಟಿದೆ. ಏಳು ಮಾರು ಎಷ್ಟು ಉದ್ದವೆಂದು ಹಗ್ಗ ಹಿಡಿದಾಗ ತಿಳಿಯುವುದಿಲ್ಲ, ಕೂಸು ಹಿಡಿದಾಗ ತಿಳಿಯುತ್ತದೆ. ಓಣಿಯ ಹನ್ನೊಂದು ಬಾಗಿಲಿನಲ್ಲೂ ಜನ ನಿಂತಿದ್ದರು. ದೇವೀರಮ್ಮ ಕಾಲು ನೀಡಿ ಕೂತು ಮಗುವನ್ನು ಮಲಗಿಸಿಕೊಂಡಳು, ಎಣ್ಣೆಯಲ್ಲಿ ಹೆಬ್ಬೆರಳು ಅದ್ದಿ ಮೂಗಿನ ಮೇಲಿಟ್ಟಳು. ನನ್ನ ಮೊಮ್ಮಗಳು ಓಣಿಗೆಲ್ಲ ಕೇಳುವಂತೆ ಅತ್ತಳು, ಆಮೇಲೆ ನಿದ್ದೆ ಹೋದಳು.

ಹದಿನೈದು ದಿನದಲ್ಲಿ ಮನೆಗಳು ಹಿಂದಿರುಗಿದವು. ಮೊದಲು ಅವಳಿಗಳದು, ಆಮೇಲೆ ಒಂದೊಂದಾಗಿ ಉಳಿದವು, ಎಲ್ಲಕ್ಕೂ ಕೊನೆಗೆ ಚಿಕ್ಕವೀರಪ್ಪನದು, ಅದೂ ರಾತ್ರಿ ಯಾರಿಗೂ ಸದ್ದಾಗದ ಹಾಗೆ. ನನ್ನದು ಇಪ್ಪತ್ತೆರಡು ಹೆಜ್ಜೆಗೆ ಬಂದು ನಿಂತಿತು. ಜನ ಏನೂ ನಡೆದೇ ಇಲ್ಲವೆನ್ನುವಂತೆ ಹಲಸಿನ ಹಪ್ಪಳ, ಹುಳಿಪುಡಿ ಎಂದು ಅವಳ ಮನೆಗೆ ಕೊಂಡೊಯ್ಯತೊಡಗಿದರು. ಒಬ್ಬರ ಬಾಯಲ್ಲೂ ತಪ್ಪಾಯಿತು ಎಂಬ ಮಾತು ಬರಲಿಲ್ಲ. ಮನೆಯೇ ಬಂತಲ್ಲ, ಮಾತು ಯಾಕೆ ಎನ್ನುವ ಧೋರಣೆ. ಮನೆ ಹೋಗುವಾಗ ಅವಳದು, ಬರುವಾಗ ಮಾತ್ರ ಇವರದು.

ಹದಿನಾರನೆಯ ಬೆಳಿಗ್ಗೆ ಪದ್ಧತಿ ಮುರಿದು, ಹಗ್ಗಕ್ಕೆ ಹೆಜ್ಜೆಯ ಲೆಕ್ಕದಲ್ಲಿ ಗಂಟು ಹಾಕಿ, ಬಾವಿಯಿಂದಲೇ ಅಳೆದೆ. ಹನ್ನೊಂದು ಮನೆಯೂ ಸರಿಯಾಗಿತ್ತು. ದೇವೀರಮ್ಮನದಕ್ಕೆ ಹಗ್ಗ ಹಿಡಿದಾಗ ತಪ್ಪಿರಬೇಕೆಂದು ಇನ್ನೊಂದು ಸಲ ಹಿಡಿದೆ. ಹದಿನೆಂಟು ಹೆಜ್ಜೆ, ಮೇಲೆ ಒಂದು ಗೇಣು. ನಲವತ್ತು ವರ್ಷ ಕದಲದ ಮನೆ ಮೊದಲ ಸಲ ಹಿಂದಕ್ಕೆ ಹೋಗಿತ್ತು.

ಅವಳು ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ನಾನು ಹಗ್ಗ ಹಿಡಿದುಕೊಂಡೇ ಅವಳ ಮುಖ ನೋಡಿದೆ.

"ಬರ್ಕೋ," ಎಂದಳು. "ಅಷ್ಟು ದೂರ ನನಗೂ ಇರಲಿ."

ಬರೆದುಕೊಂಡೆ. ದೇವೀರಮ್ಮನ ಮನೆ, ಒಂದು ಗೇಣು, ಈ ಸಲ ಸರಿದದ್ದು ಅವಳ ಮನೆಯೇ. ಆ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ನಾನು ಬರೆದ ನಿಜವಾದ ಅಳತೆ ಅದೊಂದೇ. ಆಮೇಲೆ ಹಗ್ಗ ಸುತ್ತಿಟ್ಟು, ಬಾವಿಯಿಂದ ನೀರು ಸೇದಿ, ಮಗುವನ್ನು ಎತ್ತಿಕೊಂಡು ಬರಲು ಹೋದೆ.